ಬಿಸಿಯನ್ನು ಹೊತ್ತೊಯ್ಯುವ ನೀರು

ಈಗಿನ ದೊಡ್ಡ ಪ್ರೊಸೆಸರುಗಳು ಪೂರ್ತಿ ಭರದಲ್ಲಿ ಕೆಲಸಕ್ಕೆ ಬಿದ್ದರೆ 250 ವ್ಯಾಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ವಿದ್ಯುತ್ ನುಂಗುತ್ತವೆ. ನುಂಗಿದ್ದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಲೆಕ್ಕ ಮಾಡಿಕೊಟ್ಟದ್ದಕ್ಕೆ, ಚಿತ್ರ ಬಿಡಿಸಿಕೊಟ್ಟದ್ದಕ್ಕೆ ಎಂದು ಅದರಲ್ಲಿ ರಿಯಾಯಿತಿ ಇಲ್ಲ. ಇಂಟೆಲ್‌ನ ಕೋರ್ ಐ9-13900ಕೆ ಪ್ರೊಸೆಸರನ್ನೇ ತೆಗೆದುಕೊಳ್ಳಿ. ಕಂಪನಿಯೇ ಹೇಳುವ ಅದರ ಗರಿಷ್ಠ ಬಳಕೆ 253 ವ್ಯಾಟ್. ಅಷ್ಟೂ ಬಿಸಿ ಹುಟ್ಟುವ ಸಿಲಿಕಾನ್ ಚೂರಿನ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ಅಡಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಐದಾರು ವ್ಯಾಟ್ ಬಿದ್ದರೆ ಇಲ್ಲಿ ಬೀಳುವುದು ನೂರರ ಹತ್ತಿರ. ಇಸ್ತ್ರಿ ಪೆಟ್ಟಿಗೆಗೆ ಬಿಸಿಯಾಗುವುದೇ ಕೆಲಸ. ಪ್ರೊಸೆಸರು 100 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಆ ಗಡಿ ಮುಟ್ಟಿದೊಡನೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ನೀವು ದುಡ್ಡು ಕೊಟ್ಟು ತಂದ ವೇಗ ನಿಮಗೆ ಸಿಗುವುದಿಲ್ಲ.

ಈ ಬಿಸಿಯನ್ನು ಗಾಳಿಯಿಂದಲೇ ಸಾಗಿಸಬೇಕಾದರೆ, ಗಾಳಿ ಹತ್ತು ಡಿಗ್ರಿಯಷ್ಟು ಮಾತ್ರ ಬಿಸಿಯಾಗಲಿ ಎಂದುಕೊಂಡರೂ, ಸೆಕೆಂಡಿಗೆ ಸುಮಾರು 20 ಲೀಟರ್ ಗಾಳಿ ಹಾಯಬೇಕು. ನೀರಿನ ಲೆಕ್ಕವೇ ಬೇರೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3500 ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ನಿಮಿಷಕ್ಕೆ ನಾಲ್ಕು ಲೀಟರ್ ನೀರು ಪ್ರೊಸೆಸರಿನ ಮೇಲೆ ಹಾದುಹೋದರೆ 250 ವ್ಯಾಟ್ ಬಿಸಿಯನ್ನು ಹೊತ್ತೂ ಅದು ಒಂದು ಡಿಗ್ರಿಯಷ್ಟೂ ಏರುವುದಿಲ್ಲ. ನಿಮಿಷಕ್ಕೆ ಒಂದೇ ಲೀಟರ್ ಹರಿದರೂ ಏರುವುದು ಮೂರೂವರೆ ಡಿಗ್ರಿ. ಹಾಗಾಗಿ ಇಂಥ ನೀರಿನ ವ್ಯವಸ್ಥೆಯನ್ನು ಮನೆಯಲ್ಲಿ ಕಟ್ಟುವವರು ಮೊದಲು ಕೇಳುವ ‘ಎಷ್ಟು ದೊಡ್ಡ ಪಂಪು ಬೇಕು’ ಎಂಬ ಪ್ರಶ್ನೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ಇನ್ನೊಂದಿದೆ. ನೀರು ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ಸರಿ. ಎಲ್ಲಿ ಇಳಿಸುತ್ತದೆ? ಕೊನೆಗೂ ಇಳಿಸಬೇಕಾದ್ದು ಕೋಣೆಯ ಗಾಳಿಗೇ. ಆ ಸೆಕೆಂಡಿಗೆ 20 ಲೀಟರ್ ಗಾಳಿಯ ಲೆಕ್ಕ ಎಲ್ಲಿಗೂ ಹೋಗಿಲ್ಲ, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿನ ಬಾಗಿಲಲ್ಲಿ ಕಾದು ನಿಂತಿದೆ. ಇಕ್ಕಟ್ಟಾದ ಮದರ್‌ಬೋರ್ಡಿನ ನಡುವಿನಿಂದ ಬಿಸಿಯನ್ನು ಬಿಡಿಸಿ, ವಿಶಾಲವಾಗಿ ಗಾಳಿಯಾಡುವ ಇನ್ನೊಂದು ಜಾಗಕ್ಕೆ ಮುಟ್ಟಿಸುವುದಷ್ಟೇ ನೀರಿನ ಪಾಲಿನ ಕೆಲಸ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವರ ಯಂತ್ರ ತಣ್ಣಗಿರುತ್ತದೆ. ಇದನ್ನು ಮರೆತು ನೀರೇ ತಂಪಿನ ಮೂಲ ಎಂದು ನಂಬಿದವರು ಪಂಪಿನ ಮೇಲೆ ಪಂಪು ಬದಲಿಸುತ್ತ ಕೂರುತ್ತಾರೆ.

ದೊಡ್ಡ ಯಂತ್ರಗಳಿಂದ ಮನೆಯಂಗಳಕ್ಕೆ

ಕಂಪ್ಯೂಟರಿಗೆ ನೀರು ಹರಿಸುವುದು ಹವ್ಯಾಸಿಗಳ ಹುಚ್ಚಾಟದಿಂದ ಹುಟ್ಟಿದ್ದಲ್ಲ. ಐಬಿಎಂ ಕಂಪನಿ 1980ರಲ್ಲಿ ಹೊರತಂದ 3081 ಎಂಬ ದೊಡ್ಡ ಗಣಕದಲ್ಲಿ ಚಿಪ್ಪುಗಳ ಬೆನ್ನಿಗೆ ಸ್ಪ್ರಿಂಗ್ ಒತ್ತಡದ ಪುಟ್ಟ ಪಿಸ್ಟನ್‌ಗಳನ್ನು ಒರಗಿಸಿ, ಸಂದುಗಳಲ್ಲಿ ಹೀಲಿಯಂ ಅನಿಲ ತುಂಬಿ, ಮೇಲೆ ನೀರು ಹರಿಯುವ ತಟ್ಟೆ ಕೂರಿಸಿದ್ದರು. 1985ರ ಕ್ರೇ-2 ಸೂಪರ್‌ಕಂಪ್ಯೂಟರಿನಲ್ಲಿ ಸೆಮೂರ್ ಕ್ರೇ ಇನ್ನೂ ಮುಂದೆ ಹೋಗಿ, ವಿದ್ಯುತ್ ಹರಿಯಬಿಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಸರ್ಕಿಟ್ಟುಗಳನ್ನೇ ಮುಳುಗಿಸಿಬಿಟ್ಟರು. 1990ರ ದಶಕದ ನಡುವೆ ಕಡಿಮೆ ವಿದ್ಯುತ್ ಬೇಡುವ ಸಿಮಾಸ್ ಚಿಪ್ಪುಗಳು ಬಂದಾಗ ದೊಡ್ಡ ಗಣಕಗಳು ಮತ್ತೆ ಗಾಳಿಗೆ ಮರಳಿದವು. ಆದರೆ ಚಿಪ್ಪುಗಳ ವೇಗ ಏರುತ್ತ ಹೋದಂತೆ ನೀರು ಮತ್ತೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಶುರುವಾದ ‘ಸಹಸ್ರ-ಟಿ’ ಕ್ರೇ ಎಕ್ಸ್‌ಸಿ40 ಮಾದರಿಯದು. ಆ ಮಾದರಿಯಲ್ಲಿ ಗಾಳಿ ಕಪಾಟಿನಿಂದ ಕಪಾಟಿಗೆ ಅಡ್ಡಡ್ಡ ಹರಿಯುತ್ತ, ನಡುವಿನ ನೀರಿನ ಸುರುಳಿಗಳಿಗೆ ತನ್ನ ಬಿಸಿಯನ್ನು ಒಪ್ಪಿಸುತ್ತದೆ.

ಈ ವಿದ್ಯೆಯಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು 1981ರ ಒಂದು ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್ ಸಿಲಿಕಾನಿನ ಬೆನ್ನಿನಲ್ಲಿ ಸುಮಾರು 50 ಮೈಕ್ರಾನ್ ಅಗಲದ ಕಾಲುವೆಗಳನ್ನು ಕೊರೆದು ಅವುಗಳಲ್ಲಿ ನೀರು ಹಾಯಿಸಿದರು. ಒಂದು ಚದರ ಸೆಂಟಿಮೀಟರಿನಿಂದ 790 ವ್ಯಾಟ್ ಬಿಸಿಯನ್ನು ಎತ್ತಿ ತೋರಿಸಿದರು. ಕಾಲುವೆಯ ಗೋಡೆಗೆ ತಾಗಿಕೊಂಡ ನೀರಿನ ತೆಳು ಪದರ ಹೆಚ್ಚು ಕದಲುವುದಿಲ್ಲ. ಬಿಸಿಗೆ ಅಡ್ಡಗೋಡೆಯಾಗಿ ನಿಲ್ಲುವುದು ಆ ಪದರವೇ. ಕಾಲುವೆ ಕಿರಿದಾದಷ್ಟೂ ಆ ಪದರ ತೆಳ್ಳಗಾಗುತ್ತದೆ, ಗೋಡೆ ಮತ್ತು ನೀರು ತಾಗುವ ಮೇಲ್ಮೈ ಹೆಚ್ಚುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಪ್ರೊಸೆಸರಿನ ಮೇಲೆ ಕೂರಿಸುವ ತಾಮ್ರದ ಬ್ಲಾಕುಗಳ ಒಳಗಿರುವ ಕೂದಲೆಳೆಯಂಥ ಗೀರುಗಳಿಗೂ, ಮನೆಯಲ್ಲಿ ಗರಗಸದಿಂದ ಕೊಯ್ಯುವ ಒರಟು ಗೀರುಗಳಿಗೂ ಹಿಂದಿರುವ ತತ್ವ ಇದೊಂದೇ.

ಹವ್ಯಾಸಿಗಳ ಕಾಲ ಶುರುವಾದದ್ದು 1990ರ ದಶಕದ ಕೊನೆಗೆ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು, ಮದರ್‌ಬೋರ್ಡಿನ ಗತಿಯನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಬಹುದಿತ್ತು. ಆ ರುಚಿ ಹತ್ತಿದವರು ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಹೋದರು. ವೇಗದ ಜೊತೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ವೇಗ, ವೋಲ್ಟೇಜ್ ಎರಡನ್ನೂ ನೂರಕ್ಕೆ ಹತ್ತು ಏರಿಸಿದರೆ ಬಿಸಿ ನೂರಕ್ಕೆ 33 ಏರುತ್ತದೆ. ಅಂಗಡಿಯಲ್ಲಿ ಸಿದ್ಧ ಸಾಮಾನು ಸಿಗದ ಆ ದಿನಗಳಲ್ಲಿ ಅಮೆರಿಕದ ಹುಡುಗರು ಹಳೆಯ ಕಾರುಗಳ ಹೀಟರ್ ಕೋರ್ ಕಿತ್ತು ತಂದರು. ಚಳಿಗಾಲದಲ್ಲಿ ಕಾರಿನ ಒಳಗೆ ಬೆಚ್ಚನೆ ಗಾಳಿ ಬಿಡುವ ಪುಟ್ಟ ರೇಡಿಯೇಟರ್ ಅದು. 1977ರ ಪಾಂಟಿಯಾಕ್ ಬಾನ್‌ವಿಲ್ ಕಾರಿನ ಹೀಟರ್ ಕೋರ್ ಅವರ ನಡುವೆ ಹೆಸರುವಾಸಿಯಾಯಿತು. ಯುರೋಪಿನವರು ಮೀನಿನ ತೊಟ್ಟಿಯ ಪಂಪುಗಳನ್ನು ತಂದರು. ಜರ್ಮನಿಯ ಐಹೈಮ್ ಪಂಪುಗಳು ಮೀನು ಸಾಕದವರ ಮನೆಯಲ್ಲೂ ಓಡತೊಡಗಿದವು. ದೊಡ್ಡ ಕಂಪನಿಗಳು ಆಮೇಲೆ ಬಂದವು: 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ರಲ್ಲಿ ದ್ರವದ ವ್ಯವಸ್ಥೆ ಕೂರಿಸಿತು, 2009ರ ಹೊತ್ತಿಗೆ ಎಲ್ಲವನ್ನೂ ಜೋಡಿಸಿ ಮೊಹರು ಮಾಡಿದ ಕಿಟ್ಟುಗಳು ಮಾಮೂಲಿ ಅಂಗಡಿಗಳನ್ನು ಮುಟ್ಟಿದವು.

ಗುಜರಿಯಿಂದ ಮೇಜಿನವರೆಗೆ

ನಾನಿರುವುದು ಕಲಬುರಗಿಯಲ್ಲಿ. ಇಲ್ಲಿ ಬೇಸಗೆಗೆ 42 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸಿದ್ಧ ಕಿಟ್ಟನ್ನು ಮನೆಗೇ ತರಿಸಿಕೊಳ್ಳಬಹುದು, ಆದರೆ ಕೈಯಾರೆ ಕಟ್ಟುವವರಿಗೆ ಬೇಕಾದ್ದೆಲ್ಲ ಊರಿನಲ್ಲೇ ಇದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಇದ್ದೇ ಇವೆ. ಉಳಿದ ಊರುಗಳಲ್ಲಿ ಫ್ರಿಜ್ ರಿಪೇರಿಯವರು, ರೇಡಿಯೇಟರ್ ರಿಪೇರಿಯವರು, ಎಲೆಕ್ಟ್ರಿಕಲ್ ಪ್ಯಾನಲ್ ಕಟ್ಟುವವರು ಮತ್ತು ಗುಜರಿ ಅಂಗಡಿ, ಇಷ್ಟು ಸಾಕು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಳಗೆ ಗುಳ್ಳೆ ಸಿಕ್ಕಿಕೊಂಡಿದ್ದರೆ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರ ಬೇಕು: ತೆಳು ಪೈಪನ್ನು ಇಕ್ಕಟ್ಟಿನಲ್ಲಿ ಬಗ್ಗಿಸಿದರೆ ಮಡಚಿಕೊಂಡು ಹರಿವು ನಿಲ್ಲುತ್ತದೆ. ಬಾಗು ದೊಡ್ಡದಿರಲಿ, ಪೈಪಿನ ಗೋಡೆ ದಪ್ಪವಿರಲಿ.

ಇಡೀ ಕೆಲಸದ ಜೀವಾಳ ಪ್ರೊಸೆಸರಿನ ಮೇಲೆ ಕೂರುವ ಬ್ಲಾಕು. ಪ್ಯಾನಲ್ ಕಟ್ಟುವವರ ಬಳಿ 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ತಾಮ್ರದ ಬಸ್‌ಬಾರ್ ಪಟ್ಟಿಯ ತುಂಡುಗಳು ಉಳಿದಿರುತ್ತವೆ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಚೌಕವಾಗಿ ಕತ್ತರಿಸಿಕೊಂಡ ಒಂದು ತುಂಡಿನ ಮೇಲೆ ಆಕ್ಸಾ ಬ್ಲೇಡಿನಿಂದ ಒತ್ತೊತ್ತಾಗಿ, ನಾಲ್ಕು ಮಿಲಿಮೀಟರ್ ಆಳಕ್ಕೆ ಸಮಾನಾಂತರ ಗೀರುಗಳನ್ನು ಕೊಯ್ಯಬೇಕು. ಒಂದೊಂದು ಗೀರೂ ಸುಮಾರು ಒಂದು ಮಿಲಿಮೀಟರ್ ಅಗಲ ಬರುತ್ತದೆ. ಅಡಿಯಲ್ಲಿ ಉಳಿಯುವುದು ಎರಡು ಮಿಲಿಮೀಟರ್ ತಾಮ್ರ. ತಾಮ್ರ ಮೆತ್ತಗಿನ ಲೋಹ, ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಎರಡು ಹನಿ ಎಣ್ಣೆ ಬಿಟ್ಟುಕೊಂಡು, ಅವಸರ ಮಾಡದೆ ಎಳೆಯಬೇಕು. ಊರಿನ ಲೇತ್ ಅಂಗಡಿಯಲ್ಲಿ ಮಿಲ್ಲಿಂಗ್ ಯಂತ್ರವಿದ್ದರೆ ಅರ್ಧ ಗಂಟೆಯ ಕೆಲಸ ಇದು, ಆದರೆ ಕೈಯಲ್ಲಿ ಕೊಯ್ದವರಿಗೆ ಲೋಹದ ಸ್ವಭಾವ ಗೊತ್ತಾಗುವ ಹಾಗೆ ಯಂತ್ರದಲ್ಲಿ ಮಾಡಿಸಿದವರಿಗೆ ಗೊತ್ತಾಗುವುದಿಲ್ಲ.

ಗೀರುಗಳ ಮೇಲೆ ತಾಮ್ರದ ತಗಡಿನ ಮುಚ್ಚಳ, ಮುಚ್ಚಳಕ್ಕೆ ಎರಡು ತುಂಡು ಫ್ರಿಜ್ಜಿನ ತಾಮ್ರದ ಪೈಪು. ಇವನ್ನು ಬೆಸೆಯುವ ಬ್ರೇಜಿಂಗ್ ಕೆಲಸವನ್ನು ಫ್ರಿಜ್ ಮೆಕ್ಯಾನಿಕರಿಗೆ ಬಿಡುವುದೇ ಲೇಸು. ದಿನವಿಡೀ ಸೋರದ ಹಾಗೆ ಬೆಸೆಯುವುದೇ ಅವರ ಕಸುಬು. ನೀರು ಒಳಬರುವ ಪೈಪು ನಡುಮಧ್ಯಕ್ಕೆ, ಪ್ರೊಸೆಸರಿನ ಬಿಸಿ ಹೆಚ್ಚಿರುವ ಜಾಗದ ನೇರಕ್ಕೆ ಬೀಳುವಂತಿರಬೇಕು ಎಂಬುದನ್ನು ಮಾತ್ರ ಅವರಿಗೆ ಬಿಡಿಸಿ ಹೇಳಿ. ಬೆಸುಗೆಯ ಕಾವಿಗೆ ತಾಮ್ರದ ಅಡಿ ತುಸು ಬಾಗುತ್ತದೆ. ಆದ್ದರಿಂದ ಉಜ್ಜಿ ಸಮ ಮಾಡುವ ಕೆಲಸ ಬೆಸುಗೆಯ ನಂತರವೇ ಆಗಬೇಕು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹನಿಸುತ್ತ, 400ರಿಂದ ಶುರುಮಾಡಿ 600, 1000 ನಂಬರಿನವರೆಗೆ ಉಜ್ಜಿದರೆ ಸಾಕು. ಕನ್ನಡಿಯ ಹೊಳಪು ಬರಲೇಬೇಕೆಂದಿಲ್ಲ, ಸಮತಟ್ಟಾಗಿರುವುದು ಮುಖ್ಯ. ತಾಮ್ರಕ್ಕೂ ಪ್ರೊಸೆಸರಿಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟು ತಾಮ್ರದ ಮುಂದೆ ತೀರಾ ಬಡ ವಾಹಕ. ಸಂದು ತುಂಬುವಷ್ಟು ಮಾತ್ರ ಇರಬೇಕು, ಹೆಚ್ಚು ಬಳಿದಷ್ಟೂ ನಷ್ಟ. ಬ್ಲಾಕಿನ ಒಳಗೆ ಉಳಿದ ಬೆಸುಗೆಯ ಫ್ಲಕ್ಸನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಿರಿ. ಉಳಿದರೆ ಅದು ತಾಮ್ರವನ್ನು ಒಳಗಿಂದ ತಿನ್ನುತ್ತದೆ.

ರೇಡಿಯೇಟರ್ ಹುಡುಕಿಕೊಂಡು ಗುಜರಿಗೆ ಹೋದಾಗ ನೋಡಬೇಕಾದ್ದು ಲೋಹವನ್ನು. ಹಳೆಯ ಕಾರುಗಳ ಹೀಟರ್ ಕೋರುಗಳು ತಾಮ್ರ ಹಿತ್ತಾಳೆಯವು, ಹೊಸವು ಹೆಚ್ಚಾಗಿ ಅಲ್ಯೂಮಿನಿಯಂ. ತಾಮ್ರದ ಬ್ಲಾಕು, ಅಲ್ಯೂಮಿನಿಯಂ ರೇಡಿಯೇಟರು ಎರಡೂ ಒಂದೇ ನೀರಿನಲ್ಲಿ ಕೂಡಿದರೆ ನೀವು ಕಟ್ಟಿದ್ದು ಬ್ಯಾಟರಿಯೇ ಸರಿ. ಅಲ್ಯೂಮಿನಿಯಂ ನಿಧಾನಕ್ಕೆ ಕರಗಿ, ಬಿಳಿಯ ಲೋಳೆಯಾಗಿ ಗೀರುಗಳಲ್ಲಿ ಕಟ್ಟಿಕೊಳ್ಳುತ್ತದೆ, ರೇಡಿಯೇಟರಿಗೆ ಸೂಜಿಮೊನೆಯ ತೂತುಗಳು ಬೀಳುತ್ತವೆ. ಇಲ್ಲಿನ ರೇಡಿಯೇಟರ್ ರಿಪೇರಿಯವರೊಬ್ಬರು ಹಳೆಯ ಕೋರೊಂದನ್ನು ಉಗುರಿನಿಂದ ಗೀರಿ, ಕೆಂಪು ಕಂಡ ಮೇಲೆ, ‘ತಾಂಬ್ರನೇ ಅದ ಸರ, ಒಯ್ರಿ. ಆದ್ರ ನೀರು ತುಂಬೋಕಿನ ಮೊದಲ ಗಾಳಿ ಹಾಕಿ ನೋಡ್ರಿ’ ಎಂದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಒತ್ತಿ ತೋರಿಸಿದರು. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ. ಬ್ಲಾಕನ್ನೂ ಹೀಗೆಯೇ ಪರೀಕ್ಷಿಸಬೇಕು. ಈ ಕಸುಬಿನವರ ಬಳಿ ಒಂದು ಗಂಟೆ ಕೂತರೆ ಸಿಗುವ ತಿಳಿವಳಿಕೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಪಂಪಿನ ವಿಷಯಕ್ಕೆ ಬಂದರೆ, ಮನೆಮನೆಯ ಕೂಲರಿನಲ್ಲಿರುವ 18 ವ್ಯಾಟಿನ ಮುಳುಗುವ ಪಂಪು ಕಡಿಮೆ ಬೆಲೆಗೆ ಸಿಗುತ್ತದೆ, ಕೆಲಸಕ್ಕೂ ಸಾಲುತ್ತದೆ. ಸುತ್ತು ಒಮ್ಮೆ ಪೂರ್ತಿ ತುಂಬಿಕೊಂಡ ಮೇಲೆ ನೀರನ್ನು ಮೇಲೆತ್ತುವ ಶ್ರಮ ಪಂಪಿಗಿಲ್ಲ. ಒಂದು ಕಡೆ ಏರುವ ನೀರಿನ ಭಾರವನ್ನು ಇನ್ನೊಂದು ಕಡೆ ಇಳಿಯುವ ನೀರು ಸರಿದೂಗಿಸುತ್ತದೆ. ಉಳಿಯುವುದು ಪೈಪಿನ, ಗೀರುಗಳ ಘರ್ಷಣೆ ಮಾತ್ರ. ಆದರೆ ಕೂಲರಿನ ಪಂಪು ಓಡುವುದು 230 ವೋಲ್ಟಿನಲ್ಲಿ. ಅದರ ಸೀಲು ಹೋದರೆ ಕರೆಂಟು ನೀರಿಗಿಳಿಯುತ್ತದೆ, ನೀರಿನಿಂದ ತಾಮ್ರಕ್ಕೆ, ತಾಮ್ರದಿಂದ ಕ್ಯಾಬಿನೆಟ್ಟಿಗೆ. ಬೇಸಗೆಯಲ್ಲಿ ಕೂಲರ್ ಮುಟ್ಟಿ ಶಾಕ್ ಹೊಡೆದು ಸತ್ತವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನಿಂದಲೇ ಓಡುವ 12 ವೋಲ್ಟಿನ ಡಿಸಿ ಪಂಪನ್ನೇ ತನ್ನಿ. ಈ ಒಂದು ಸಾಮಾನಿನಲ್ಲಿ ಉಳಿತಾಯ ಬೇಡ.

ನೀರು ಎಂದರೆ ಯಾವ ನೀರು? ಬೋರಿನ ನೀರಂತೂ ಕೂಡದು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೇ ಗೀರುಗಳಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸರಿಯಾದದ್ದು. ಅದು ಶುದ್ಧವಾದ್ದರಿಂದ ಸೋರಿದರೂ ಶಾರ್ಟ್ ಆಗುವುದಿಲ್ಲ ಎನ್ನುವವರಿದ್ದಾರೆ, ನಂಬಬೇಡಿ. ತಾಮ್ರ ಹಿತ್ತಾಳೆಗಳ ನಡುವೆ ಸುತ್ತಿದ ನೀರು ಲವಣ ಎಳೆದುಕೊಂಡು ವಾಹಕವಾಗುತ್ತದೆ. ಪಾರದರ್ಶಕ ಪೈಪಿಗೆ ಬಿಸಿಲು ತಾಗಿದರೆ ಪಾಚಿ ಹುಟ್ಟುತ್ತದೆ. ತುಸು ಕಾರಿನ ಕೂಲಂಟ್ ಬೆರೆಸಿದರೆ ಪಾಚಿಯೂ ತುಕ್ಕೂ ಹಿಡಿತಕ್ಕೆ ಬರುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಜೊತೆಗೆ ಸಿಹಿ ರುಚಿಯದು. ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಎಟುಕದಂತೆ ಇಡಿ.

ಎಲ್ಲ ಜೋಡಿಸಿ ಹೋಸ್ ಕ್ಲಿಪ್ಪು ಬಿಗಿದ ಮೇಲೆ, ಮದರ್‌ಬೋರ್ಡಿಗೆ ವಿದ್ಯುತ್ ಕೊಡದೆ, ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿ ಪಂಪನ್ನು ಮಾತ್ರ ಓಡಿಸಬೇಕು. ಒಂದು ಹಗಲು ಒಂದು ರಾತ್ರಿ ಪೂರ್ತಿ ಓಡಲಿ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಹಾಸಿಟ್ಟರೆ ಒಂದೇ ಹನಿ ಬಿದ್ದರೂ ಗೊತ್ತಾಗುತ್ತದೆ. ಕ್ಯಾಬಿನೆಟ್ಟನ್ನು ಅತ್ತಿತ್ತ ವಾಲಿಸಿ ಗುಳ್ಳೆಗಳನ್ನು ಹೊರಗಟ್ಟುವುದೂ ಆಗಲೇ. ಇನ್ನೊಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ಪ್ರೊಸೆಸರಿನ ಹಳೆಯ ಫ್ಯಾನು ತನ್ನ ಸುತ್ತಲಿನ ವೋಲ್ಟೇಜ್ ನಿಯಂತ್ರಕಗಳಿಗೂ ಗಾಳಿ ಬೀಸುತ್ತಿತ್ತು. ಅದನ್ನು ತೆಗೆದ ಮೇಲೆ ಅವು ಕಾಯುತ್ತವೆ. ಅವುಗಳಿಗೆಂದೇ ಒಂದು ಸಣ್ಣ ಫ್ಯಾನು ಉಳಿಸಿಕೊಳ್ಳಿ.

ನಮ್ಮ ಬೇಸಗೆಯ ಲೆಕ್ಕ

ಯುರೋಪಿನವರ ಲೆಕ್ಕ ಶುರುವಾಗುವುದು 20 ಡಿಗ್ರಿಯ ಕೋಣೆಯಿಂದ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮದು 40ರಿಂದ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಹತ್ತು ಡಿಗ್ರಿ ಮೇಲೆ ನಿಲ್ಲಿಸಿದರೆ ಅದೇ ಒಳ್ಳೆಯ ಕೆಲಸ. ಅಲ್ಲಿಗೆ ನೀರು 50. ಬ್ಲಾಕು, ಪೇಸ್ಟುಗಳನ್ನು ದಾಟಲು ಇನ್ನೊಂದು 30 ಸೇರಿಸಿದರೆ ಪ್ರೊಸೆಸರು 80. ಕೇಳಿದರೆ ಗಾಬರಿಯಾಗಬಹುದು, ಆದರೆ 80 ಎಂದರೆ ಗಡಿಯ ಒಳಗೇ. ನೀರು ತಣ್ಣಗಿರಬೇಕೆಂದೇನೂ ಇಲ್ಲ. 2010ರಲ್ಲಿ ಐಬಿಎಂ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಗೆ ಕಟ್ಟಿಕೊಟ್ಟ ಅಕ್ವಾಸಾರ್ ಎಂಬ ಗಣಕ 60 ಡಿಗ್ರಿಯವರೆಗಿನ ಬಿಸಿನೀರಿನಿಂದಲೇ ತನ್ನನ್ನು ಕಾಪಾಡಿಕೊಂಡು, ಆ ಬಿಸಿಯಿಂದ ಕಟ್ಟಡವನ್ನೂ ಬೆಚ್ಚಗಿಟ್ಟಿತ್ತು.

ಇಷ್ಟಾದರೂ ನೀರಿನ ಡಬ್ಬಿಗೆ ಮಂಜುಗಡ್ಡೆ ಹಾಕುವ ಆಸೆ ಹುಡುಗರಿಗೆ ಬಂದೇ ಬರುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಬಿಸಿ 250 ವ್ಯಾಟಿನ ಮುಂದೆ 22 ನಿಮಿಷಕ್ಕೆ ಮುಗಿದುಹೋಗುತ್ತದೆ. ವಿದ್ಯುತ್ತಿನಿಂದ ತಂಪು ಮಾಡುವ ಪೆಲ್ಟಿಯರ್ ಬಿಲ್ಲೆ ಕೂರಿಸಿದರೆ ಅದು ತಾನು ನುಂಗುವ ವಿದ್ಯುತ್ತಿನ ಬಿಸಿಯನ್ನೂ ನೀರಿಗೇ ಸುರಿಯುತ್ತದೆ, ರೇಡಿಯೇಟರಿನ ಹೊರೆ ಇಮ್ಮಡಿಯಾಗುತ್ತದೆ. ಕರಾವಳಿಯವರಿಗೆ ಇನ್ನೊಂದು ಅಪಾಯವಿದೆ. ಮಂಗಳೂರಿನ 33 ಡಿಗ್ರಿ, ನೂರಕ್ಕೆ 75ರಷ್ಟು ತೇವದ ಗಾಳಿಯಲ್ಲಿ 28 ಡಿಗ್ರಿಗಿಂತ ತಣ್ಣಗಿನ ಯಾವುದರ ಮೇಲೂ ನೀರು ಹನಿಗಟ್ಟುತ್ತದೆ. ಹನಿಗಟ್ಟುವುದು ಮದರ್‌ಬೋರ್ಡಿನ ಮೇಲೆ.

ಒಣ ಬಿಸಿಲಿನ ಊರುಗಳಿಗೆ ಮಾತ್ರ ಒದಗುವ ಒಂದು ದಾರಿಯಿದೆ. ಮಣ್ಣಿನ ಗಡಿಗೆಯ ನೀರು ಗಾಳಿಗಿಂತ ತಣ್ಣಗಿರುವುದು ಆವಿಯಾಗುವುದರಿಂದ. 40 ಡಿಗ್ರಿಯ, ನೂರಕ್ಕೆ 20ರಷ್ಟು ತೇವದ ಗಾಳಿಯಲ್ಲಿ ಆವಿಯಾಗುತ್ತಿರುವ ನೀರು 23 ಡಿಗ್ರಿಯ ಹತ್ತಿರಕ್ಕೆ ಇಳಿಯಬಲ್ಲದು. ಮಂಗಳೂರಿನ ಆ ಗಾಳಿಯಲ್ಲಿ 29ಕ್ಕೇ ನಿಂತುಬಿಡುತ್ತದೆ. ಬಿಸಿ ನೀರನ್ನು ನಿಲುವು ಪೈಪೊಂದರ ಮೇಲಿನಿಂದ ಹನಿಹನಿಯಾಗಿ ಬೀಳಿಸಿ, ಕೆಳಗಿನಿಂದ ಫ್ಯಾನಿನ ಗಾಳಿ ಹಾಯಿಸುವ ಪುಟ್ಟ ಗೋಪುರವನ್ನು ಹವ್ಯಾಸಿಗಳು ಕಟ್ಟಿದ್ದಾರೆ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದ ಕೂಲಿಂಗ್ ಟವರುಗಳ ತತ್ವವೂ ಇದೇ. ಬೆಲೆಯಾಗಿ ಇದು ನೀರು ಕೇಳುತ್ತದೆ: 250 ವ್ಯಾಟಿಗೆ ಗಂಟೆಗೆ ಸುಮಾರು 375 ಮಿಲಿಲೀಟರ್, ಎಂಟು ಗಂಟೆಗೆ ಮೂರು ಲೀಟರ್. ಆವಿಯಾದಂತೆಲ್ಲ ಲವಣ ಕೆಳಗೆ ಉಳಿಯುತ್ತದೆ, ಗಾಳಿಯ ಧೂಳೂ ನೀರಿಗೇ ಸೇರುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಬಡಾವಣೆಗಳಲ್ಲಿ ಇದನ್ನು ನಿತ್ಯ ಓಡಿಸುವುದು ಸರಿಯೆಂದು ನನಗನ್ನಿಸುವುದಿಲ್ಲ. ಪ್ರಯೋಗವಾಗಿ ಮಾಡಿ ನೋಡಬಹುದು.

ಹಾಗಾದರೆ ಇದು ಯಾರಿಗೆ ಬೇಕು? ಪತ್ರ ಬರೆಯುವ, ಲೆಕ್ಕ ಇಡುವ, ಸಿನಿಮಾ ನೋಡುವ ಕಂಪ್ಯೂಟರಿಗೆ ಬೇಡವೇ ಬೇಡ. ಒಳ್ಳೆಯ ಗಾಳಿಯ ಕೂಲರು ಅದಕ್ಕೆ ಧಾರಾಳ ಸಾಕು, ಸೋರುವ ಭಯವೂ ಇಲ್ಲ. ಬಿಸಿ ಕಡಿಮೆಯಾಗಲಿ ಎಂಬುದಷ್ಟೇ ಆಸೆಯಾದರೆ ಬಯಾಸ್‌ನಲ್ಲಿ ವೋಲ್ಟೇಜನ್ನು ತುಸು ಇಳಿಸಿ ನೋಡಿ. ನೂರಕ್ಕೆ ಹತ್ತು ಇಳಿಸಿಯೂ ಯಂತ್ರ ಸ್ಥಿರವಾಗಿ ಓಡಿದರೆ ಬಿಸಿ ನೂರಕ್ಕೆ 19ರಷ್ಟು ಇಳಿಯುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಹಗಲೂರಾತ್ರಿ ಅನಿಮೇಷನ್, ವಿಡಿಯೊ ಕೆಲಸ ಮಾಡುವವರಿಗೆ, ಫ್ಯಾನುಗಳ ಗದ್ದಲ ಸಹಿಸದವರಿಗೆ ಸಿದ್ಧ ಕಿಟ್ಟು ಒಳ್ಳೆಯದು.

ಕೈಯಾರೆ ಕಟ್ಟುವುದು ಬೇಕಿರುವುದು ಕಲಿಯುವವರಿಗೆ. ನಮ್ಮ ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರುಗಳನ್ನು ಹರಾಜಿಗೆ ಹಾಕುವ ಮೊದಲು ನಾಲ್ಕನ್ನು ಮಕ್ಕಳ ಕೈಗೆ ಕೊಡಿ. ಶಾಖ ವರ್ಗಾವಣೆ, ದ್ರವದ ಹರಿವು, ಲೋಹಗಳ ಸವೆತ, ಬೆಸುಗೆ, ವಿದ್ಯುತ್ ಸುರಕ್ಷತೆ, ಇಷ್ಟನ್ನೂ ಒಂದೇ ಮೇಜಿನ ಮೇಲೆ ಕಲಿಸುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ. ಪಂಪು ಮಾತ್ರ 12 ವೋಲ್ಟಿನದೇ ಇರಲಿ.